ಅತ್ತೆ ಹಾಕಿದ ಸೀರಿಯಲ್

ನಮ್ಮತ್ತೆಯ ಎಡಗಣ್ಣಿನ ರೆಪ್ಪೆ ಆಸ್ಪತ್ರೆಯ ಥರ್ಮಾಮೀಟರಿಗಿಂತ ನಂಬಿಕಸ್ಥ. ಹಾಲಿನ ಲೋಟ, ನನ್ನ ಅಂಗೈ, ಎಲ್ಲವನ್ನೂ ರೆಪ್ಪೆಗೆ ಒತ್ತಿ ಬಿಸಿ ಹೇಳುತ್ತಿದ್ದರು. ಪರೀಕ್ಷೆಯ ದಿನ ಬರುವ ನನ್ನ ಜ್ವರವನ್ನು ಆ ರೆಪ್ಪೆ ಒಮ್ಮೆಯೂ ಒಪ್ಪಲಿಲ್ಲ.

ಗಂಡ ತೀರಿಕೊಂಡ ಮೇಲೆ ಪಾಳ್ಯದಿಂದ ಬಾಳ್ಳುಪೇಟೆಯ ನಮ್ಮ ಮನೆಗೆ ಬಂದಾಗ ಅವರು ತಂದದ್ದು ಒಂದು ಟ್ರಂಕು, ಮಾವ ಸಾಕಿದ್ದ ಒಂದು ಕೋಳಿ. ಆ ಕೋಳಿಗೆ ನಮ್ಮಪ್ಪನಿಗಿಂತ ಹೆಚ್ಚು ಮರ್ಯಾದೆ. ಅದು ಕಾವಿಗೆ ಕೂತು ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಮುಂಗುಸಿ ಅದನ್ನು ಹೊತ್ತುಕೊಂಡು ಹೋಯಿತು. ಮೊಟ್ಟೆಗಳು ಮಾತ್ರ ಇನ್ನೂ ಬೆಚ್ಚಗಿದ್ದವು.

ಅತ್ತೆ ಟ್ರಂಕಿನ ಸೀರೆಗಳನ್ನು ನೆಲಕ್ಕೆ ಸುರಿದರು. ಖಾಲಿ ಟ್ರಂಕಿನ ಒಂದು ತುದಿಗೆ ಕರೆಂಟ್ ಒಲೆ, ಇನ್ನೊಂದು ತುದಿಗೆ ಮೊಟ್ಟೆ. ಸ್ವಿಚ್ ಒತ್ತಿದ್ದೇ ಒಲೆಯ ಕಾಯಿಲ್ ಕೆಂಡವಾಯಿತು.

"ಆಮ್ಲೆಟ್ ಆಯ್ತದೆ ಅತ್ತೆ," ಎಂದೆ.

"ಬಾಯ್ಮುಚ್ಚು. ಸೀರಿಯಲ್ ಹಾಕ್ಬೇಕು."

ಅಮ್ಮ ಓಡಿಹೋಗಿ ಟಿವಿ ಹಾಕಿದರು.

"ಅದಲ್ಲ ಕಣೇ ಮಾರಾಯ್ತಿ. ಗಣಪತಿ ಪೆಂಡಾಲಿನ ಸೀರಿಯಲ್ಲು."

ಪೆಂಡಾಲಿನ ಪುಟ್ಟ ಬಲ್ಬುಗಳನ್ನು ಪ್ರತಿ ವರ್ಷ ಒಂದರ ಹಿಂದೊಂದು ಪೋಣಿಸುತ್ತಿದ್ದವರು ಅತ್ತೆಯೇ. ಹಾಗೇ ಒಲೆಯ ವೈರಿನ ದಾರಿಗೆ ನಮ್ಮ ಇಸ್ತ್ರಿಪೆಟ್ಟಿಗೆಯನ್ನೂ ಪೋಣಿಸಿದರು. ಕಾಯಿಲಿನ ಕೆಂಪು ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಒಂದು ಮೊಟ್ಟೆಯನ್ನು ರೆಪ್ಪೆಗೆ ಒತ್ತಿದರು.

"ಇನ್ನೂ ಜೋರೈತೆ. ಪಕ್ಕದ್ಮನೆ ಮೇಷ್ಟ್ರ ಇಸ್ತ್ರಿಪೆಟ್ಗೇನೂ ಇಸ್ಕೊಂಡ್ ಬಾ."

ಅದೂ ಸೇರಿದ ಮೇಲೆ ರೆಪ್ಪೆ ಒಪ್ಪಿತು. "ಬಿಸಿ ಮೂರಕ್ಕೂ ಹಂಚ್ಕೊಂಡ್ ಹೋಯ್ತದೆ ಕಣೋ. ಯಾವ್ದಕ್ಕೂ ಜಂಬ ಬರಲ್ಲ," ಎಂದರು, ನನ್ನ ಮುಖವನ್ನೇ ನೋಡುತ್ತಾ.

ಆ ವಾರ ನನ್ನ ಅಂಗಿಯ ಸುಕ್ಕಿನಲ್ಲಿ ಒಂದು ಬಸ್ಸು ದಾರಿ ತಪ್ಪಬಹುದಿತ್ತು. ಮೇಷ್ಟ್ರು ಕೇಳುವಂತಿಲ್ಲ, ಅವರ ಅಂಗಿಯದೂ ಅದೇ ಗತಿ. ಕರೆಂಟ್ ಹೋದರೆ ಅತ್ತೆ ಮೊಟ್ಟೆಗಳನ್ನು ಮಡಿಲಲ್ಲಿಟ್ಟು ಕಂಬಳಿ ಹೊದ್ದು ಕೂರುತ್ತಿದ್ದರು. ಸೀನು ಬಂದರೂ ನುಂಗುತ್ತಿದ್ದರು. ನಾನು ನಕ್ಕರೆ, "ನಿನ್ನೂ ಕಾವಿಗೆ ಕೂರಿಸ್ಬುಡ್ತೀನಿ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಟ್ರಂಕಿನೊಳಗೆ ಚಿಂವ್ ಎಂದಿತು. ಹೆದ್ದಾರಿಯ ಲಾರಿಗೆ ಕೇಳುವಂತೆ ಮಾತಾಡುವ ಅತ್ತೆ ಬಗ್ಗಿ ಪಿಸುಗುಟ್ಟಿದರು: "ಬಂದ್ಯಾ? ನಿಧಾನಕ್ಕೆ ಬಾ."

ಎಲ್ಲ ಮೊಟ್ಟೆಗಳೂ ಒಡೆಯಲಿಲ್ಲ. ನಾಲ್ಕು ಮರಿ ಬದುಕಿದವು. ಶಾಲೆಯಲ್ಲಿ ನಾನು ನಲವತ್ತು ಎಂದೆ.

ಅತ್ತೆ ತೀರಿಹೋಗಿ ವರ್ಷವಾಯಿತು. ಆ ವಂಶದ ಒಂದು ಹುಂಜ ಹಿತ್ತಿಲಲ್ಲಿ ನನ್ನನ್ನು ಕಂಡರೆ ಸಾಕು, ಅಟ್ಟಿಸಿಕೊಂಡು ಬರುತ್ತದೆ. ಅಪ್ಪ ಕೋಲು ಕೊಡುತ್ತಾರೆ. ನಾನು ಓಡುತ್ತೇನೆ. ಅತ್ತೆಯ ಕಡೆಯವರ ಮೇಲೆ ಕೈ ಎತ್ತುವುದು ಹೇಗೆ?