ತೋಳಿಗೆ ಕಟ್ಟಿದ ಬಜೆ

ಮಕ್ತಲ್‌ನ ಅಜ್ಜಿಯ ಮನೆಯಲ್ಲಿ ಬಚ್ಚಲ ನೀರು ನಿಲ್ಲುವ ಕೆಸರಿನಲ್ಲಿ ಬಜೆ ಬೆಳೆಯುತ್ತಿತ್ತು ಎಂದು ಬರೆಯಹೊರಟಾಗ ಕೈ ತಡೆಯಿತು. ಬಚ್ಚಲೋ ಬಾವಿಯ ಹತ್ತಿರವೋ, ಈಗ ಖಚಿತವಿಲ್ಲ. ಕತ್ತಿಯಂಥ ಎಲೆ, ಬೇರು ಮುರಿದಾಗ ಮೂಗಿಗೇರುವ ಘಾಟು, ಇವೆರಡು ನೆನಪಿವೆ. ಹೊಟ್ಟೆ ಉಬ್ಬರಿಸಿ ಅಳುವ ಕೂಸಿನ ಹೊಕ್ಕುಳ ಸುತ್ತ ಅಜ್ಜಿ ಅದನ್ನು ಸುಟ್ಟು ತೇಯ್ದು ಹಚ್ಚುತ್ತಿದ್ದಳು. ಮಾತು ತಡವಾದ ಮಕ್ಕಳಿಗೆ ನೆಕ್ಕಿಸುತ್ತಿದ್ದಳು. ದೀಪ ಹಚ್ಚಿದ ಮೇಲೆ ಅದರ ಹೆಸರೆತ್ತಿದರೆ ಗುಣ ಹೋಗುತ್ತದಂತೆ. ಇದು ಅವಳು ಹೇಳಿದ್ದೋ, ನಾನು ಎಲ್ಲೋ ಓದಿದ್ದೋ.

ಈಗ ಅಲ್ಲಿ ಸಿಮೆಂಟು ಬಿದ್ದಿದೆ. ಹಸಿ ಬಜೆ ಎಲ್ಲೂ ಸಿಗುವುದಿಲ್ಲ.

ನನ್ನ ಮಗಳಿಗೆ ಮೂರು ತುಂಬುತ್ತ ಬಂದರೂ ಒಂದು ಮಾತಿಲ್ಲ. ಗದ್ವಾಲಿನ ಡಾಕ್ಟರು, ಕಿವಿ ಚೆನ್ನಾಗಿದೆ, ಮಾತಿನ ತರಬೇತಿ ಶುರು ಮಾಡೋಣ, ಬೇರುಗೀರು ಮಾತ್ರ ಕುಡಿಸಬೇಡಿ ಎಂದರು. ತಲೆಯಾಡಿಸಿ ಬಂದೆ. ಆದರೂ ಆ ಭಾನುವಾರ ಮಗಳೊಂದಿಗೆ ನಾರಾಯಣಪೇಟೆಯ ಚಿಕ್ಕಮ್ಮನ ಮನೆಗೆ ಹೊರಟೆ. ಬಸ್ಸಿನಲ್ಲಿ ಮುಂದಿನ ಸೀಟಿನ ಕೂಸು ಕಂಡ ಆಡು, ಮರಗಳನ್ನೆಲ್ಲ ಹೆಸರು ಹಿಡಿದು ಕೂಗುತ್ತಿತ್ತು. ನಾನು ಹಿಂದಿನ ಸೀಟಿಗೆ ಹೋಗಿ ಕೂತೆ.

ಚಿಕ್ಕಮ್ಮ ಮಗ್ಗದ ಗುಂಡಿಯಿಂದ ಎದ್ದು ಬಂದು, ಅಂಗಡಿಯಿಂದ ತಂದಿಟ್ಟಿದ್ದ ಒಣ ಬಜೆಯನ್ನೂ ತೇಯುವ ಕಲ್ಲನ್ನೂ ತೆಗೆದಳು.

“ಕುಡಸೂದು ಬ್ಯಾಡ ಚಿಗವ್ವ. ಡಾಕ್ಟರ್ ಬ್ಯಾಡ ಅಂದಾರ.”

“ಅವರಿಗೆ ಮಾತು ಹೆಂಗ ಬಂತಂತ ಅವರವ್ವನ್ನ ಕೇಳು.”

ನಾನು ಮಗಳನ್ನು ತೊಡೆಯಿಂದ ಇಳಿಸಲಿಲ್ಲ.

“ಆತು ಬಿಡವಾ, ತೋಳಿಗೆ ಕಟ್ಟತೀನಿ. ಕಟ್ಟಾಕ ಯಾರ ಅಪ್ಪಣಿ ಬೇಕು?”

ಬೇರನ್ನು ಬಿಲ್ಲೆಗಳಾಗಿ ಕತ್ತರಿಸಿ, ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆ ಎಳೆಗೆ ಪೋಣಿಸುತ್ತ ಹೇಳಿದಳು: “ಯಾಕ ಹೆದರ್ತಿ? ನಿನಗೂ ಮೂರು ತುಂಬೂತನಕ ಮಾತಿರಲಿಲ್ಲ. ನಿಮ್ಮಜ್ಜಿ ಬಜಿ ನೆಕ್ಕಿಸಿದ ಮ್ಯಾಲೆ ಬಾಯಿ ಬಿಟ್ಟಿ. ಇನ್ನೂ ಮುಚ್ಚಿಲ್ಲ.”

ನಕ್ಕುಬಿಟ್ಟೆ. ನನ್ನಂತೆಯೇ ಇವಳೂ, ತಡವಷ್ಟೇ. ಆ ನೆಮ್ಮದಿ ಚಹಾ ಮುಗಿಯುವವರೆಗೂ ಉಳಿಯಲಿಲ್ಲ. ತೀರಿಕೊಂಡ ಅವ್ವ ಬೇರೆಯದನ್ನೇ ಹೇಳುತ್ತಿದ್ದಳು. ನಾನು ನಡೆಯುವ ಮೊದಲೇ ಮಾತಾಡಿದೆನಂತೆ. ಬಜೆ ಜಾಸ್ತಿ ಕುಡಿಸಿದ್ದಾರೆಂದು ಓಣಿಯವರು ತೆಲುಗಿನಲ್ಲಿ ‘ವಸಪಿಟ್ಟ’, ಅಂದರೆ ಬಜೆ ತಿಂದ ಹಕ್ಕಿ, ಎಂದು ಕರೆಯುತ್ತಿದ್ದರಂತೆ. ತಾಯಂದಿರು ಮಕ್ಕಳ ಬಗ್ಗೆ ಹೆಚ್ಚಿಸಿ ಹೇಳುವುದುಂಟು. ಚಿಕ್ಕಮ್ಮಂದಿರು ಸಮಾಧಾನಕ್ಕೆ ಹೇಳುವುದೂ ಉಂಟು. ನನಗೋ ಆ ವಯಸ್ಸಿನದು ಏನೂ ನೆನಪಿಲ್ಲ.

“ಚಿಗವ್ವ, ಖರೇ ಹೇಳು. ನನಗ ಮಾತು ತಡಾ ಆಗಿತ್ತೇನು?”

“ಕೂಸಿನ ತೋಳು ಗಟ್ಟಿ ಹಿಡಕೋ,” ಎಂದು ಗಂಟು ಹಾಕಿದಳು.

ಮೊನ್ನೆ ಫೋನಿನಲ್ಲಿ ಮತ್ತೆ ಅದನ್ನೇ ಕೇಳಿದೆ.

“ಕೂಸು ಉಂಡೈತೇನು?” ಎಂದಳು.