ಮೂರನೆಯ ಬಟವಾಡೆಯ ಬಳೆ

ಯುದ್ಧ ಮುಗಿದ ಹೊಸತು. ಹೊನ್ನಾಳಿಯಲ್ಲಿ ನಮ್ಮ ಎದುರುಮನೆಯಾಕೆಯ ಗಂಡ ಅಕ್ಕಿ ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ. ಅಲ್ಲಿ ವಾರ ಬಿಟ್ಟು ವಾರ, ಶನಿವಾರ ಬಟವಾಡೆ. ಹಾಗಾಗಿ ವರ್ಷದಲ್ಲಿ ಒಂದೆರಡು ತಿಂಗಳು ಅವರಿಗೆ ಸಂಬಳ ಮೂರು ಸಲ ಬರುತ್ತಿತ್ತು. ಕಚೇರಿಯ ಗುಮಾಸ್ತರಾದ ನಮ್ಮವರಿಗೆ ಯಾವಾಗಲೂ ತಿಂಗಳಿಗೊಂದೇ.

“ಮನೆ ನಡೆಸಾಕೆ ಎರಡು ಸಾಕವ್ವ, ಮೂರನೇದು ನಂದು,” ಎನ್ನುತ್ತ ಆಕೆ ಸೆರಗಿನ ಗಂಟು ತಟ್ಟಿಕೊಳ್ಳುತ್ತಿದ್ದಳು. ಆ ಮೂರನೆಯ ಬಟವಾಡೆಯ ಮರುದಿನ ಬಳೆಗಾರನನ್ನು ಜಗಲಿಗೆ ಕರೆದು ಓಣಿಯ ಹೆಂಗಸರಿಗೆಲ್ಲ ಬಳೆ ತೊಡಿಸುತ್ತಿದ್ದಳು. ಎಲ್ಲರೂ ಆಕೆಯನ್ನು ಹೊಗಳುವವರೇ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ತಲೆನೋವಿನ ನೆಪ ಹೇಳಿ ಒಳಗೇ ಉಳಿದೆ. ಆಕೆ ಬಳೆಗಾರನನ್ನು ನಮ್ಮ ಬಾಗಿಲಿಗೇ ಕರೆತಂದಳು.

“ತಲೆ ನೋಯ್ತಿದ್ರೆ ಕೈಗೇನಾಗೈತೆ? ಚಾಚು ತಂಗಿ.”

ಚಾಚಿದೆ. ಹಸಿರು ಬಳೆ, ನನಗೆ ಬೇಕೆನಿಸಿದ್ದ ಬಣ್ಣವೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸಂಜೆ ಅಂಗಳದಲ್ಲಿ ಕೂತು, ಒಡೆದರೆ ಒಡೆಯಲಿ ಎಂದು, ಹಿತ್ತಾಳೆ ಕೊಳಗವನ್ನು ಬೂದಿ ಹಾಕಿ ರಪರಪನೆ ಉಜ್ಜಿದೆ. ಒಂದು ಬಳೆಯೂ ಬಿರುಕು ಬಿಡಲಿಲ್ಲ.

ಆಕೆ ತನ್ನ ಜಗಲಿಯ ಮೇಲೆ ಕೂತು ನೋಡುತ್ತಲೇ ಇದ್ದಳು.

“ಉಜ್ಜು ತಂಗಿ, ಉಜ್ಜು,” ಎಂದಳು ಮೆಲ್ಲಗೆ. “ನಿನಗಂತ ಗಟ್ಟಿ ಬಳೆನೇ ಆರಿಸಿದ್ದೆ.”