ದಿಲ್ಲಿಯವರನ್ನು ನೋಡಲು ಹೋದ ಹಾಲಮ್ಮ

ಬುಕ್ಕಾಂಬುಧಿಗೆ ಹೊಸದಾಗಿ ಏನೇ ಬರಲಿ, ಹಾಲಮ್ಮ ನೋಡದೆ ಬಿಡುವವಳಲ್ಲ. ಮೊದಲ ಟ್ರಾಕ್ಟರ್ ಬಂದಾಗ ಅದರ ಹೊಟ್ಟೆಯೊಳಗೇನಿದೆ ಎಂದು ಬಗ್ಗಿ ನೋಡಿ, ಮೂತಿಗೆ ಮಸಿ ಬಳಿದುಕೊಂಡು ಬಂದಿದ್ದಳು. ಅಂಥವಳು ಸಾವಿರದ ಒಂಬೈನೂರ ಅರವತ್ತೆರಡರ ಸುಗ್ಗಿ ಮುಗಿದ ಹೊತ್ತಿಗೆ ದಿಲ್ಲಿಯ ಅಧಿಕಾರಿಗಳು ಬರುತ್ತಾರೆಂದರೆ ಮನೆಯಲ್ಲಿ ಕೂರುತ್ತಾಳೆಯೆ?

ಉಳುವ ಗೇಣಿದಾರನಿಗೆ ಹಕ್ಕು ಕೊಡುವ ಮಸೂದೆ ಬೆಂಗಳೂರಿನಲ್ಲಿ ಗದ್ದಲದ ನಡುವೆ ಪಾಸಾಗಿ, ಒಪ್ಪಿಗೆಗೆಂದು ದಿಲ್ಲಿಗೆ ಹೋಗಿತ್ತು. ಸುತ್ತಲಿನ ಜಮೀನುದಾರರು ಅದರ ಬೆನ್ನಿಗೇ ಅಲ್ಲಿಗೆ ಅರ್ಜಿ ಹಾಕಿದ್ದರು: ನಮ್ಮ ಕಡೆ ಗೇಣಿದಾರರೇ ಇಲ್ಲ, ಎಲ್ಲ ಕೂಲಿಯಾಳುಗಳು. ಹೌದೋ ಅಲ್ಲವೋ ನೋಡಲು ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದು ಚಾವಡಿಯಲ್ಲಿ ಕೂತರು. ಹಾಲಮ್ಮನ ಗಂಡ ಚಿಕ್ಕಬೀರಪ್ಪ ಅಪ್ಪನ ಕಾಲದಿಂದ ಷಣ್ಮುಖಪ್ಪನವರ ಹೊಲ ಉಳುತ್ತಿದ್ದ. ಕೂಲಿ ಎಂದು ಬರೆದುಬಿಟ್ಟರೆ, ನಾಳೆ ಹೊಲ ಬಿಟ್ಟೇಳು ಎಂದರೂ ಏಳಬೇಕು.

"ಹೊಲ ಯಾರದು? ನೀನು ಅವರಿಗೆ ಏನಾಗಬೇಕು?" ಚಿಕ್ಕಬೀರಪ್ಪನನ್ನು ಕರೆದು ಅಧಿಕಾರಿಯೊಬ್ಬ ಕೇಳಿದ್ದನ್ನು ಅಜ್ಜಂಪುರದ ಗುಮಾಸ್ತ ಕನ್ನಡಕ್ಕೆ ತಿರುಗಿಸಿದ.

ಷಣ್ಮುಖಪ್ಪನವರು ಪಕ್ಕದ ಕುರ್ಚಿಯಲ್ಲೇ ಇದ್ದರು. ಯಜಮಾನರ ಎದುರು ನಾನು ಗೇಣಿದಾರ ಎನ್ನುವುದು ಆ ಊರಿನಲ್ಲಿ ಉದ್ಧಟತನ. ಹಿರಿಯರಿಂದ ಬಂದ ಮಾತೇ ಬೇರೆ. ಚಿಕ್ಕಬೀರಪ್ಪ ಕೈಮುಗಿದು ಅದನ್ನೇ ಅಂದ: "ಹೊಲ ಯಜಮಾನ್ರದು ಬುದ್ಧಿ. ನಾವು ಅವ್ರ ಮನೆ ಮಕ್ಳು. ಅವ್ರು ಹಾಕಿದ್ದು ತಿನ್ಕಂಡಿದೀವಿ."

ಅಧಿಕಾರಿ ಬರೆದುಕೊಂಡ. ಕಂಬಕ್ಕೆ ಒರಗಿ ಅವನ ಕೈಗಡಿಯಾರವನ್ನೇ ನೋಡುತ್ತಿದ್ದ ಹಾಲಮ್ಮನಿಗೆ ತಡೆಯಲಾಗಲಿಲ್ಲ. "ಏನಂತ ಬರ್ಕಂಡ್ರು?" ಎಂದು ಗುಮಾಸ್ತನನ್ನು ಕೇಳಿದಳು.

"ಕೂಲಿಯಾಳು ಅಂತ."

ಅವಳು ಕಂಬ ಬಿಟ್ಟು ಮುಂದೆ ಬಂದಳು. "ಅಲ್ಲ ಸ್ವಾಮಿ, ಅದು ಮರ್ಯಾದಿಗೆ ಆಡೋ ಮಾತು. ಬೀಜ ನಮ್ದು, ಎತ್ತು ನಮ್ದು. ಸುಗ್ಗೀಲಿ ಅರ್ಧ ರಾಶಿ ಯಜಮಾನ್ರಿಗೆ ಅಳೀತೀವಿ. ಕೂಲಿಯೋನು ಯಜಮಾನಂಗೆ ರಾಗಿ ಕೊಡ್ತಾನಾ? ದಿಟವಾಗ್ಲೂ ಮನೆ ಮಕ್ಳಾಗಿದ್ರೆ ಪಾಲು ಕೇಳ್ತಿದ್ವಿ. ಬೇಕಾದ್ರೆ ಅವ್ರನ್ನೇ ಕೇಳಿ."

ಗುಮಾಸ್ತ ಅದನ್ನೂ ತಿಳಿಸಿದ ಮೇಲೆ ಅಧಿಕಾರಿ ಷಣ್ಮುಖಪ್ಪನವರತ್ತ ತಿರುಗಿದ. ಮಠಕ್ಕೆ ನಡೆದುಕೊಳ್ಳುವ ಮನುಷ್ಯ; ಹತ್ತು ಜನರ ಜೊತೆ ಅರ್ಜಿಗೆ ರುಜು ಹಾಕುವುದು ಬೇರೆ, ಕಣ್ಣೆದುರು ಇಲ್ಲ ಎನ್ನುವುದು ಬೇರೆ. ಶಲ್ಯ ಸರಿಮಾಡಿಕೊಂಡು, "ಹೌದು. ಗೇಣಿಗೇ ಕೊಟ್ಟಿರೋದು," ಎಂದರು. ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ ಗೇಣಿದಾರ ಎಂದು ಬರೆದ.

ಯುಗಾದಿಗೆ ಮುಂಚೆ ದಿಲ್ಲಿ ಒಪ್ಪಿತೆಂಬ ಸುದ್ದಿ ಬಂತು. ಕಾಯ್ದೆ ಜಾರಿಯಾಗುವುದು ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆದರೆ ಷಣ್ಮುಖಪ್ಪನವರ ಹೆಂಡತಿ ತೀರ್ಥಮ್ಮ ಪ್ರತಿ ಹಬ್ಬಕ್ಕೂ ಕಳಿಸುತ್ತಿದ್ದ ಹೋಳಿಗೆ ಆ ಸಲ ಬರಲಿಲ್ಲ. ಹಾಲಮ್ಮ ಮದುವೆಯಾಗಿ ಬಂದಾಗಿನಿಂದ ತಿಂದ ಹೋಳಿಗೆ ಅದು. ಹಾದಿ ನೋಡಿ ನೋಡಿ ಅವಳ ಕಣ್ಣು ತುಂಬಿತು.

"ಬಾಯಿ ಬಿಟ್ಟು ಒಂದು ಮನೆ ಕಳ್ಕಂಡೆ ಕಣೇ," ಎಂದ ಚಿಕ್ಕಬೀರಪ್ಪ.

"ಹೊಲ ಉಳೀತಲ್ಲ," ಎಂದು ಮೂಗೊರೆಸಿಕೊಂಡು ಅವಳು ತಾನೇ ಹೋಳಿಗೆ ಮಾಡಲು ಬೇಳೆ ತೊಳೆಯುತ್ತ ಕೂತಳು. "ಬೆಲ್ಲ ಎಷ್ಟು ಹಾಕ್ತಿದ್ರೋ ಏನೋ. ಊರೆಲ್ಲ ಕೇಳ್ದೋಳು, ಅದೊಂದು ಕೇಳ್ಕಳ್ಳೇ ಇಲ್ಲ ನಾನು."